ಕಾಲು ಕಳ್ಕೊಂಡ ಮಾಜಿ ಸೈನಿಕ ನರ್ಸ್‌ಗಳಿಗೆ, ಆಂಬುಲೆನ್ಸ್ ಹುಡುಗರಿಗೆ ಏನು ಹೇಳಬೇಕು? ಬೆಂಗಳೂರಿನವರು ಸಲಹೆ ಕೊಡಿ

ಹಲಸೂರಿನ ತಂಬಿ · ಭಾನುವಾರ ಸಂಜೆ 6.10

ಎಲ್ಲರಿಗೂ ನಮಸ್ಕಾರ. ಮದ್ರಾಸ್ ಎಂಜಿನಿಯರ್ ಗ್ರೂಪ್‌ನಲ್ಲಿ ಹವಾಲ್ದಾರ್ ಆಗಿ ರಿಟೈರ್ ಆದವನು ನಾನು. ಊರು ಅರಕಲಗೂಡು ಕಡೆ. ಈಗ ಇರೋದು ಹಲಸೂರು ಕೆರೆ ಹತ್ತಿರ, ಟ್ರೈನಿಂಗ್ ಮಾಡಿದ ಸೆಂಟರಿನ ಪಕ್ಕದಲ್ಲೇ ಅನ್ನಿ. ಮದ್ರಾಸ್ ಸ್ಯಾಪರ್‌ಗಳನ್ನು, ಅಂದರೆ ಈ ಗ್ರೂಪಿನ ಸೈನಿಕರನ್ನು, ಸೈನ್ಯದಲ್ಲಿ ‘ತಂಬಿ’ ಅಂತಲೇ ಕರೆಯೋದು, ಹಾಸನದವನಾದರೂ ತಂಬಿಯೇ.

2001ರ ಡಿಸೆಂಬರಿನಲ್ಲಿ ಸೈನ್ಯವನ್ನ ಪಾಕಿಸ್ತಾನದ ಗಡಿಗೆ ಕಳಿಸಿದ ಆಪರೇಷನ್ ಪರಾಕ್ರಮ ಶುರುವಾದಾಗ ಪಶ್ಚಿಮ ಗಡಿಯಲ್ಲಿ ಮೈನ್, ಅಂದರೆ ನೆಲಬಾಂಬ್, ಹುಗಿದವರು ನಾವು. 2002ರಲ್ಲಿ ಅದನ್ನ ತೆಗೆಯೋ ಕೆಲಸವೂ ನಮ್ಮ ತಲೆಗೇ ಬಂತು. ಮರಳಿನಲ್ಲಿ ಹುಗಿದ ಮೈನ್ ಹುಗಿದ ಜಾಗದಲ್ಲೇ ಕೂತಿರಲ್ಲ, ನಕ್ಷೆಯಲ್ಲಿ ಇರೋದೊಂದು, ನೆಲದಲ್ಲಿ ಇರೋದೊಂದು. ಎಡಗಾಲು ಮಂಡಿಯಿಂದ ಕೆಳಗೆ ಹೋಯ್ತು. ಪುಣೆಯ ಆರ್ಟಿಫಿಶಿಯಲ್ ಲಿಂಬ್ ಸೆಂಟರಿನಲ್ಲಿ ಮತ್ತೆ ನಡೆಯೋದು ಕಲಿತೆ.

ವಿಷಯಕ್ಕೆ ಬರ್ತೀನಿ. ಹೋದ ತಿಂಗಳು ಒಂದು ಖಾಸಗಿ ಆಸ್ಪತ್ರೆಯವರು ನನ್ನನ್ನೂ ಇನ್ನಿಬ್ಬರು ಮಾಜಿ ಸೈನಿಕರನ್ನೂ ಕರೆದು ಸಿಬ್ಬಂದಿಗೆ ‘ಮನೋಸ್ಥೈರ್ಯ’ದ ಬಗ್ಗೆ ಮಾತಾಡಿ ಅಂದರು. ನಾಲ್ಕು ಪುಟ ಬರ್ಕೊಂಡು ಹೋಗಿದ್ದೆ. ಎರಡನೇ ಪುಟಕ್ಕೆ ಬರೋ ಹೊತ್ತಿಗೆ ಎರಡನೇ ಸಾಲಿನಲ್ಲಿ ಒಬ್ಬ ಹುಡುಗಿ ಗೋಡೆಗೆ ತಲೆ ಆನಿಸಿ ನಿದ್ದೆ ಹೋಗಿದ್ದಳು. ನೈಟ್ ಮುಗಿಸಿ ನೇರ ಬಂದಿದ್ದಳಂತೆ. ಎಬ್ಬಿಸೋಕೆ ಬಂದವರನ್ನ ಬೇಡ ಅಂತ ತಡೆದೆ.

ಹಾಲ್‌ನಲ್ಲಿ ಫ್ಯಾನ್ ಸರಿಯಿರಲಿಲ್ಲ. ಕೃತಕ ಕಾಲಿನ ಒಳಪದರ, ಲೈನರ್ ಅಂತೀವಿ, ಅದರೊಳಗೆ ಬೆವರು ನಿಂತರೆ ಸ್ಟಂಪ್, ಅಂದರೆ ಉಳಿದ ಮೊಂಡುಕಾಲು, ಜಾರೋಕೆ ಶುರುವಾಗತ್ತೆ, ಚರ್ಮ ಕಿತ್ತು ಹೋಗತ್ತೆ. ತಡೆಯೋಕಾಗದೆ ಕುರ್ಚಿ ಮೇಲೆ ಕೂತು ಕಾಲು ಬಿಚ್ಚಿದೆ, ಒರೆಸಿಕೊಂಡೆ, ಬ್ಯಾಗಿನಿಂದ ಸ್ಟಂಪಿಗೆ ಹಾಕೋ ಇನ್ನೊಂದು ಸಾಕ್ಸ್ ತೆಗೆದು ಹಾಕ್ಕೊಂಡೆ. ಆಗ ನೋಡಿ, ಇಡೀ ಹಾಲ್ ಎದ್ದು ಕೂತಿತು. ಎರಡು ಸಾಕ್ಸ್ ಯಾಕೆ ಅಂತ ಒಬ್ಬಳು ಕೇಳಿದಳು. ಬೆಳಿಗ್ಗೆ ಇರೋ ಕಾಲು ಸಂಜೆಗೆ ಇರಲ್ಲಮ್ಮ, ದಿನವಿಡೀ ತೂಕ ಹೊತ್ತು ಮಾಂಸ ಇಳಿಯತ್ತೆ, ಸ್ಟಂಪ್ ಕೂರೋ ಸಾಕೆಟ್ ಸಡಿಲ ಆಗತ್ತೆ, ಬೆಳಿಗ್ಗೆ ಒಂದು ಸಾಕ್ಸ್, ಮಧ್ಯಾಹ್ನ ಎರಡು, ಕೆಟ್ಟ ದಿನ ಆದರೆ ಮೂರು ಅಂದೆ. ಮುಂದಿನ ಮುಕ್ಕಾಲು ಗಂಟೆ ಬರೀ ಪ್ರಶ್ನೆಗಳೇ. ನಾಲ್ಕು ಪುಟ ಜೇಬಲ್ಲೇ ಉಳೀತು.

ಈಗ ಬರೋ ಶನಿವಾರಕ್ಕೆ ಇನ್ನೊಂದು ಕರೆ ಬಂದಿದೆ. ಆಂಬುಲೆನ್ಸ್‌ನವರು, ನರ್ಸ್‌ಗಳು, ವಿದ್ಯುತ್ ಲೈನ್ ಕೆಲಸದವರು, ಒಂದಷ್ಟು ಪೌರಕಾರ್ಮಿಕರು, ಒಟ್ಟು ನಲವತ್ತು ಜನ. ಏನು ಹೇಳಲಿ, ಅದಕ್ಕಿಂತ ಮುಖ್ಯವಾಗಿ ಏನು ಹೇಳಬಾರದು? ಅದೇ ಕೆಲಸದಲ್ಲಿರೋರು ಉತ್ತರ ಕೊಟ್ಟರೆ ಒಳ್ಳೇದು.

ಐಸಿಯು ನೈಟ್ ಶಿಫ್ಟ್ · 9.25

ಅಣ್ಣಾರ, ಹಾವೇರಿಯಾಕಿ ನಾನು, ಬೆಂಗಳೂರಿಗೆ ಬಂದು ಹನ್ನೊಂದು ವರ್ಷ ಆತು. ಆ ಎರಡನೇ ಸಾಲಿನಾಗ ಮಲಗಿದಾಕಿ ನಾನಲ್ಲ, ಆದ್ರ ನಾನೂ ಆಗಿರಬಹುದಿತ್ತು. ಎಬ್ಬಿಸಬ್ಯಾಡ್ರಿ ಅಂದ್ರಲ್ಲ, ಅದು ಒಂದಕ್ಕ ನಿಮಗ ಶರಣು.

ಏನು ಹೇಳಬಾರದು ಅಂತ ಕೇಳೀರಿ. ‘ನೀವೂ ಸೈನಿಕರೇ’ ಅನ್ನಬ್ಯಾಡ್ರಿ. 2020ರ ಮಾರ್ಚ್ 22ಕ್ಕ ತಟ್ಟೆ ಬಡದ್ರು, ಮೇ 3ಕ್ಕ ಹೆಲಿಕಾಪ್ಟರ್‌ನಿಂದ ಹೂವು ಸುರದ್ರು. ಅದೇ ಮೇ ತಿಂಗಳಾಗ ನಮ್ಮ ಮನಿ ಓನರ್ ‘ಆಸ್ಪತ್ರಿಗೆ ಹೋಗೋದಾದ್ರ ಮನಿ ಖಾಲಿ ಮಾಡವ್ವ’ ಅಂದ. ಹೂವು ಬಿದ್ದಿದ್ದು ನೋಡಾಕೂ ಹೊರಗ ಬಂದಿರಲಿಲ್ಲ ನಾ, ಪಿಪಿಇ ಬಿಚ್ಚಿದ್ರ ಮತ್ತ ಹಾಕ್ಕೊಳ್ಳಾಕ ಇನ್ನೊಂದು ಕಿಟ್ ಸಿಗ್ತಿರಲಿಲ್ಲ. ಯಾರರೆ ‘ವಾರಿಯರ್’ ಅಂದ್ರ ಈಗೂ ಮೈ ಉರೀತೈತಿ.

ಸಾಕ್ಸ್ ವಿಷಯ ಹೇಳ್ರಿ. ಅದು ನಮಗ ತಿಳೀತೈತಿ.

ಬಿಟಿಎಂ ಕೋಡರ್ · 9.50

ಸರ್, ಮೇಜರ್ ಜನರಲ್ ಇಯಾನ್ ಕಾರ್ಡೋಜೊ ಅವರ ಕಥೆಯಿಂದ ಶುರು ಮಾಡಿ. 1971ರ ಯುದ್ಧದಲ್ಲಿ ಮೈನ್ ಮೇಲೆ ಕಾಲಿಟ್ಟು, ತಮ್ಮ ಕುಕ್ರಿ ಕತ್ತಿಯಿಂದಲೇ ಕಾಲು ಕತ್ತರಿಸಿದ್ದು. ಯಾರೂ ನಿದ್ದೆ ಮಾಡಲ್ಲ, ಗ್ಯಾರಂಟಿ!

ಹಲಸೂರಿನ ತಂಬಿ · 10.15

ಕೋಡರ್ ಅವರೇ, ಆ ಹೆಸರು ಕೇಳಿದರೆ ಈಗಲೂ ಬೆನ್ನು ನೆಟ್ಟಗಾಗತ್ತೆ. ಆದರೆ ನೈಟ್ ಮಾಡಿ ಬಂದವಳಿಗೆ ಕುಕ್ರಿ ಕಥೆ ಹೇಳಿದರೆ ಅವಳಿಗೆ ಅನ್ನಿಸೋದು ಒಂದೇ: ‘ನನ್ನ ಕಾಲು ಇದೆಯಲ್ಲ, ಮತ್ತೆ ಯಾಕೆ ಬಾತ್‌ರೂಮಲ್ಲಿ ಅಳ್ತೀನಿ?’ ಆಸ್ಪತ್ರೆಯಲ್ಲಿ ಮೊದಲ ಆರು ತಿಂಗಳು ನನಗೂ ಎಲ್ಲರೂ ಅದೇ ಕಥೆ ಹೇಳ್ತಿದ್ದರು. ಕೇಳಿ ಕೇಳಿ ನಾನು ಹೇಡಿ ಅಂತ ತೀರ್ಮಾನ ಮಾಡ್ಕೊಂಡಿದ್ದೆ.

ಆ ಕಥೆಯಲ್ಲಿ ನನಗೆ ಇಷ್ಟವಾದ ಭಾಗ ಬೇರೆ. ಅವರಿಗೆ ಆಪರೇಷನ್ ಮಾಡಿದ್ದು ಸೆರೆಸಿಕ್ಕಿದ್ದ ಪಾಕಿಸ್ತಾನಿ ಸರ್ಜನ್. ಆಮೇಲೆ ಕೃತಕ ಕಾಲಿನಲ್ಲಿ ಬೆಟಾಲಿಯನ್ ನಡೆಸಿ, ಬ್ರಿಗೇಡನ್ನೂ ನಡೆಸಿದರು, ನಮ್ಮ ಸೈನ್ಯದಲ್ಲಿ ಹಾಗೆ ಮಾಡಿದ ಮೊದಲ ಅಧಿಕಾರಿ. ಕತ್ತರಿಸಿದ್ದು ಒಂದು ಗಳಿಗೆ. ಮಿಕ್ಕಿದ್ದಕ್ಕೆ ವರ್ಷಗಟ್ಟಲೆ ಹಿಡೀತು.

ಮುರಳೀಕಾಂತ್ ಪೇಟ್ಕರ್ ಕೂಡ ಹಾಗೇ. 1965ರ ಯುದ್ಧದಲ್ಲಿ ಗುಂಡು ಬೀಳೋ ಮೊದಲು ಸೈನ್ಯದ ಬಾಕ್ಸರ್. ನೀರಿಗಿಳಿದಿದ್ದು ಚಿಕಿತ್ಸೆ ಅಂತ. 1972ರಲ್ಲಿ ಹೈಡೆಲ್‌ಬರ್ಗ್ ಪ್ಯಾರಾಲಿಂಪಿಕ್ಸ್‌ನಲ್ಲಿ 50 ಮೀಟರ್ ಈಜಿನಲ್ಲಿ ಚಿನ್ನ ತಂದರು. ಪದ್ಮಶ್ರೀ ಬಂದಿದ್ದು 2018ರಲ್ಲಿ! ನಲವತ್ತಾರು ವರ್ಷ. ಶಹಬ್ಬಾಸ್‌ಗಿರಿಗೆ ಕಾಯ್ತಾ ಕೂತಿದ್ದರೆ ಏನಾಗ್ತಿತ್ತೋ.

108ರ ಹಿಂದಿನ ಸೀಟು · 11.40

ಡ್ಯೂಟಿ ಮುಗೀತು, ಈಗ ಓದಿದೆ. ನಾನು ಇಎಂಟಿ, ಆಂಬುಲೆನ್ಸ್‌ನಲ್ಲಿ ರೋಗಿ ನೋಡ್ಕೊಳ್ಳೋನು, ಬೆಂಗಳೂರಲ್ಲೇ.

2021ರ ಏಪ್ರಿಲ್ ಕೊನೆ. ಒಬ್ಬರನ್ನ ಹತ್ತಿಸಿಕೊಂಡಿದ್ದೆ. ಸಣ್ಣ ಬಿ ಟೈಪ್ ಸಿಲಿಂಡರ್, ತುಂಬಿದ್ದರೆ ಸುಮಾರು 1500 ಲೀಟರ್. ನಿಮಿಷಕ್ಕೆ 10 ಲೀಟರ್ ಬಿಟ್ಟರೆ ಎರಡೂವರೆ ಗಂಟೆ. ಲೆಕ್ಕ ಬಾಯಿಪಾಠ. ಮೂರನೇ ಆಸ್ಪತ್ರೆ ಗೇಟಿನಲ್ಲಿ ಬೆಡ್‌ಗೆ ಕಾಯ್ತಿದ್ವಿ. ಗೇಜಿನ ಮುಳ್ಳು ಕೆಂಪಿಗೆ ಬಂತು. ಮುಳ್ಳು ಸಿಕ್ಕಿಹಾಕ್ಕೊಂಡಿದೆಯೇನೋ ಅಂತ ಉಗುರಲ್ಲಿ ಟಕ್ ಟಕ್ ಅಂತ ತಟ್ಟಿದೆ. ತಟ್ಟಿದರೆ ಮೇಲೇಳುತ್ತಾ? ತಟ್ಟಿದೆ. ಅವರ ಮಗ ನನ್ನ ಮುಖ ನೋಡ್ತಿದ್ದ, ಗೇಜ್ ನೋಡ್ತಿರಲಿಲ್ಲ.

ಆಮೇಲೆ ಇನ್ನೊಂದು ಗಾಡಿಯವರು ಸಿಲಿಂಡರ್ ಕೊಟ್ಟರು, ಆದರೆ ತಡವಾಗಿತ್ತು.

ಈಗಲೂ ಮನೆಯಲ್ಲಿ ಗ್ಯಾಸ್ ಸಿಲಿಂಡರ್, ಬೈಕ್ ಪೆಟ್ರೋಲ್ ಮೀಟರ್, ಗಡಿಯಾರ, ಏನು ಕಂಡರೂ ತಟ್ಟುತ್ತೀನಿ. ಹೆಂಡತಿಗೆ ಅದು ಬರೀ ಚಟ. ಸರ್, ನನಗೆ ಏನೂ ಆಗಿಲ್ಲ, ಕೈಕಾಲು ನೆಟ್ಟಗಿದೆ. ನೀವು ಕಾಲು ಕಳ್ಕೊಂಡು ನಗ್ತಾ ಮಾತಾಡ್ತೀರಿ. ನಿಮ್ಮ ಮುಂದೆ ಬಂದು ಕೂರೋಕೆ ನಾಚಿಕೆ ಆಗತ್ತೆ. ಅದಕ್ಕೇ ಇಂಥ ಕಾರ್ಯಕ್ರಮಕ್ಕೆ ಬರಲ್ಲ.

ಹಲಸೂರಿನ ತಂಬಿ · ಸೋಮವಾರ ಬೆಳಿಗ್ಗೆ 5.30

ನಿನ್ನೆ ರಾತ್ರಿ ಇದನ್ನ ಓದಿ ಮಲಗೋಕೆ ಆಗಲಿಲ್ಲ. ಯಾರಿಗೂ ಹೇಳದ ಒಂದು ವಿಷಯ ಬರೀತೀನಿ.

ಮೈನ್ ತೆಗೆಯುವಾಗ ಒಬ್ಬ ಮುಂದೆ ಮಲಗಿ ನೆಲಕ್ಕೆ ಪ್ರಾಡರ್ ಅನ್ನೋ ಚೂಪು ಸಲಾಕೆ ಚುಚ್ಚುತ್ತಾನೆ, 30 ಡಿಗ್ರಿ ಓರೆಯಾಗಿ, ಮೈನಿನ ನೆತ್ತಿ ಮೇಲೆ ಒತ್ತು ಬೀಳದ ಹಾಗೆ. ಅವನ ಬಡ್ಡಿ, ಅಂದರೆ ಜೋಡಿಯ ಜೊತೆಗಾರ, ಹಿಂದೆ ದೂರದಲ್ಲಿ ಕಾಯ್ತಿರ್ತಾನೆ. ನಮ್ಮಲ್ಲಿ ಅರ್ಧ ಗಂಟೆಗೊಮ್ಮೆ ಕೈ ಬದಲಾಗ್ತಿತ್ತು. ಆವತ್ತು ನನ್ನ ಸರದಿ ಮುಗಿದು ಎರಡು ನಿಮಿಷ ಆಗಿತ್ತು. ಬಡ್ಡಿ ‘ಬಾ, ನಾನು ಹೋಗ್ತೀನಿ’ ಅಂದ. ‘ಇದೊಂದು ಮುಗಿಸಿ ಬರ್ತೀನಿ’ ಅಂದೆ. ಎದ್ದು ತಿರುಗಿದೆ, ಕಾಲು ಮೈನ್ ಇಲ್ಲದ ದಾರಿಗೆ ಗುರುತು ಹಾಕಿದ ಪಟ್ಟಿಯ ಆಚೆ ಬಿತ್ತು.

ನನ್ನನ್ನ ಎಳ್ಕೊಂಡು ಬಂದವನು ಅವನೇ. ಸಾಕೆಟ್ ಆಯ್ತು, ಪೆನ್ಶನ್ ಆಯ್ತು, ಮದುವೆ ಆಯ್ತು, ನನ್ನದು ಹೇಗೋ ದಡ ಹತ್ತಿತು. ಅವನಿಗೆ ಒಂದು ಗೆರೆಯೂ ಬಿದ್ದಿರಲಿಲ್ಲ. ಮೆಡಿಕಲ್‌ನಲ್ಲಿ ಫಸ್ಟ್ ಕ್ಲಾಸ್, ಶೇಪ್ ಒನ್. ಹನ್ನೆರಡು ವರ್ಷ ಕುಡಿದ. ನನಗೆ ಕಾಲು ಹೋಯ್ತು, ಅವನಿಗೆ ನಿದ್ದೆ ಹೋಯ್ತು. ‘ಎರಡು ನಿಮಿಷ ಮೊದಲೇ ಕಾಲರ್ ಹಿಡಿದು ಎಳೀಬೇಕಿತ್ತು’, ಹನ್ನೆರಡು ವರ್ಷ ಅವನು ಹೇಳಿದ್ದು ಇದೊಂದೇ. ನೋಡೋಕೆ ಬಂದವರು ನನ್ನ ಹಾಸಿಗೆ ಪಕ್ಕ ಬಾಳೆಹಣ್ಣು ಇಟ್ಟು ಹೋದರು, ಅವನನ್ನು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ, ಅದೇ ನನ್ನ ತಪ್ಪು.

ತಮ್ಮಾ, ನೀನು ನನ್ನ ಜಾಗದಲ್ಲಿಲ್ಲ, ನನ್ನ ಬಡ್ಡಿಯ ಜಾಗದಲ್ಲಿದ್ದೀಯ. ನರ್ಸ್‌ಗಳೂ ಅಷ್ಟೇ. ಶನಿವಾರ ಮಾತಾಡಬೇಕಾದವನು ನಾನಲ್ಲ, ಅವನು. ಅವನನ್ನ ಕರ್ಕೊಂಡು ಬರ್ತೀನಿ, ಈಗ ಕುಡಿಯಲ್ಲ, ತುಮಕೂರಲ್ಲಿ ತೋಟ ಮಾಡ್ಕೊಂಡಿದ್ದಾನೆ. ಅವನು ಬಂದರೆ ನೀನೂ ಬರ್ತೀಯಾ?

ಕೌನ್ಸೆಲಿಂಗ್ ಕೆಲಸದವಳು · 8.05

108ರ ಅಣ್ಣ, ನೀವು ಬರೆದದ್ದಕ್ಕೆ ಹೆಸರಿದೆ. ಹೆದರಿ ಹುಟ್ಟಿದ ನೋವು ಬೇರೆ, ‘ನಾನು ಮಾಡಬೇಕಿತ್ತು, ಮಾಡೋಕಾಗಲಿಲ್ಲ’ ಅನ್ನೋದರಿಂದ ಹುಟ್ಟಿದ ನೋವು ಬೇರೆ. ಎರಡನೆಯದನ್ನು ಮಾರಲ್ ಇಂಜುರಿ ಅಂತಾರೆ. ವಿಯೆಟ್ನಾಂ ಯುದ್ಧದಿಂದ ಮರಳಿದವರಿಗೆ ಚಿಕಿತ್ಸೆ ಕೊಡುತ್ತಿದ್ದ ಅಮೆರಿಕದ ಮನೋವೈದ್ಯ ಜೊನಾಥನ್ ಶೇ ಅದನ್ನು ಬಳಕೆಗೆ ತಂದರು. ಸೈನಿಕರ ಗಾಯದಿಂದ ಹುಟ್ಟಿದ ಮಾತು ಕೋವಿಡ್ ಹೊತ್ತಿಗೆ ಆಸ್ಪತ್ರೆಯವರಿಗೂ ಬಂತು.

ತಂಬಿ ಸರ್‌ಗೆ ಒಂದು ಎಚ್ಚರಿಕೆ. ನಲವತ್ತು ಜನರನ್ನು ವೃತ್ತಾಕಾರದಲ್ಲಿ ಕೂರಿಸಿ ‘ಎಲ್ಲರೂ ನಿಮ್ಮ ಅತಿ ಕೆಟ್ಟ ದಿನ ಹೇಳಿ’ ಅನ್ನಬೇಡಿ. ಒಂದೇ ಬೈಠಕ್‌ನಲ್ಲಿ ಎಲ್ಲವನ್ನೂ ಕಕ್ಕಿಸುವ ಪದ್ಧತಿ ಹಿಂದೆ ಇತ್ತು. ಅದರಿಂದ ಉಪಯೋಗವಿಲ್ಲ, ಕೆಲವರಿಗೆ ಹೆಚ್ಚು ತೊಂದರೆಯೇ ಆಗಬಹುದು ಅಂತ ಕಂಡುಬಂದು ಈಗ ಕೈಬಿಡುತ್ತಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ 2011ರ ಕೈಪಿಡಿ ಹೇಳೋದು ಸರಳ: ನೋಡು, ಕೇಳಿಸಿಕೋ, ಸರಿಯಾದವರ ಜೊತೆ ಸೇರಿಸು. ಹೇಳುವವರು ಹೇಳಲಿ, ಸುಮ್ಮನಿರುವವರು ಸುಮ್ಮನಿರಲಿ. ಟೀ ಜಾಸ್ತಿ ಇಡಿಸಿ, ನಿಜವಾದ ಮಾತು ಟೀ ಹೊತ್ತಲ್ಲೇ ಆಗೋದು.

ಒಂದು ತಿಂಗಳು ದಾಟಿಯೂ ನಿದ್ದೆ ಇಲ್ಲ, ಸಿಟ್ಟು ಕೈಮೀರುತ್ತಿದೆ, ಕುಡಿತ ಏರುತ್ತಿದೆ ಅಂದರೆ 14416ಕ್ಕೆ ಕರೆ ಮಾಡಿ. ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ, ನಮ್ಮ ನಿಮ್ಹಾನ್ಸ್ ಅದರ ಮೇಲ್ಕೇಂದ್ರ.

ಪೊರಕೆ ಸಂಘ · 11.20

ಎಲ್ಲರ ಕಣ್ಣೀರಿಗೂ ಗೌರವ ಇದೆ. ಆದರೆ ಕಹಿ ಮಾತು ಒಂದು ಹೇಳ್ತೀನಿ. ಇಪ್ಪತ್ತು ವರ್ಷದಿಂದ ಪೌರಕಾರ್ಮಿಕರ ಜೊತೆ ಇದ್ದೀನಿ. ಗ್ಲೌಸ್ ಕೇಳಿದರೆ ಯೋಗ ಶಿಬಿರ ಮಾಡ್ತಾರೆ, ಶೌಚಾಲಯ ಕೇಳಿದರೆ ಸ್ಫೂರ್ತಿ ಭಾಷಣ ಇಡ್ತಾರೆ. ಗಟ್ಟಿಯಾಗಿರಿ ಅಂತ ಹೇಳಿಸೋಕೆ ಕಾಲಿಲ್ಲದ ಸೈನಿಕರನ್ನ ಕರೆಸ್ತಾರೆ ಅಂದರೆ ಅರ್ಥ ಏನು? ಅವರೇ ತಡ್ಕೊಂಡ್ರು, ನೀವು ತಡ್ಕೊಳ್ಳೋಕೆ ಏನು ಧಾಡಿ, ಅಂತ. ಸೈನಿಕನಿಗೆ ಗಾಯ ಆದರೆ ಪೆನ್ಶನ್, ಆಸ್ಪತ್ರೆ, ಮಾಜಿ ಸೈನಿಕರ ಆರೋಗ್ಯ ಯೋಜನೆ ಇಸಿಎಚ್‌ಎಸ್ ಇದೆ. ಕಸದ ಆಟೋ ಟಿಪ್ಪರ್‌ನ ಕಂಟ್ರಾಕ್ಟ್ ಹೆಲ್ಪರ್‌ಗೆ ಗಾಜು ಚುಚ್ಚಿದರೆ ಟಿಟಿ ಇಂಜೆಕ್ಷನ್ ದುಡ್ಡೂ ಅವನದೇ.

ಬಿಟಿಎಂ ಕೋಡರ್ · 11.32

ಎಲ್ಲದರಲ್ಲೂ ರಾಜಕೀಯ ತರಬೇಕಾ?

ಐಸಿಯು ನೈಟ್ ಶಿಫ್ಟ್ · 11.34

ತರಬೇಕ್ರಿ. ಅವರು ಹೇಳಿದ್ದು ಖರೆ ಐತಿ.

ಹಲಸೂರಿನ ತಂಬಿ · 1.15

ಸಂಘದವರೇ, ನಿಮ್ಮ ಮಾತನ್ನ ಶನಿವಾರ ನಾನೇ ವೇದಿಕೆ ಮೇಲೆ ಹೇಳ್ತೀನಿ, ಕರೆಸಿದವರು ಎದುರಿಗೇ ಇರ್ತಾರೆ.

ಮೇಲೆ ಬರೆದೆನಲ್ಲ, ಅರ್ಧ ಗಂಟೆಗೆ ಕೈ ಬದಲು. ನಮ್ಮ ಗುಂಡಿಗೆ ಸಣ್ಣದು ಅಂತಲ್ಲ ಆ ನಿಯಮ. ಎಂಥ ಗಂಡಾಳಿಗೂ ಅಷ್ಟು ಹೊತ್ತಿನ ಮೇಲೆ ಗಮನ ಚದುರತ್ತೆ, ಚದುರಿದರೆ ಸಾಯ್ತಾನೆ. ನಾನು ಎರಡು ನಿಮಿಷ ಮೀರಿದ್ದಕ್ಕೆ ಒಂದು ಕಾಲು ಕೊಟ್ಟೆ. ಈ ನಗರದಲ್ಲಿ ಹನ್ನೆರಡು ಗಂಟೆ ಡ್ಯೂಟಿ, ಅದರ ಮೇಲೆ ಡಬಲ್ ಅಂತಾರೆ. ಅದಕ್ಕೆ ನನ್ನ ಹತ್ತಿರ ಪಾಠ ಇಲ್ಲ. ಜನ ಹಾಕಿ ಅನ್ನೋದೇ ಪಾಠ.

ಕಂಬದ ಮೇಲಿಂದ · ಸಂಜೆ 7.45

ಅಣ್ಣೋ, ಮಂಡ್ಯದೋನು ಕಣಣ್ಣ ನಾನು. ಪವರ್‌ಮ್ಯಾನ್. ನಿಮ್ ತವ ಒಂದು ವಿಷ್ಯ ಕೇಳ್ಬೇಕಿತ್ತು. ನನ್ ಜೊತೆಗಾರ ಒಬ್ಬ ಅವ್ನೆ. ಎರಡು ವರ್ಷದ ಹಿಂದೆ ಲೈನ್ ಆಫ್ ಅಂದ್ರು, ಅತ್ತಿದ, ಆಫ್ ಆಗಿರ್ನಿಲ್ಲ. ಬಲಗೈ ಮೊಣಕೈ ಕೆಳ್ಗೆ ತಗುದ್ಬುಟ್ರು. ಈಗ ಆಫೀಸಲ್ಲಿ ಕೂರ್ಸವ್ರೆ. ಅವ್ನು ರಾತ್ರಿ ಇಲ್ದಿರೋ ಕೈ ಕೆರೀತದೆ ಅಂತಾನೆ. ಮುಷ್ಟಿ ಬಿಗಿಯಾಗಿ ಮುಚ್ಕೊಂಡದೆ, ಉಗ್ರು ಅಂಗೈಗೆ ಚುಚ್ತಾವೆ, ಬಿಡ್ಸೋಕಾಯ್ತಿಲ್ಲ ಅಂತಾನೆ. ಮನೇವ್ರು ದೆವ್ವ ಅಂತ ತಾಯ್ತ ಕಟ್ಸುದ್ರು. ನಿಮ್ಗೂ ಹಂಗಾಗಿತ್ತಾ?

ಹಲಸೂರಿನ ತಂಬಿ · 8.20

ಆಗಿತ್ತಾ ಅಂತ ಕೇಳ್ತೀಯಲ್ಲಪ್ಪ! ಇಲ್ಲದ ಕಾಲಿನ ಹೆಬ್ಬೆರಳು ಇಪ್ಪತ್ತು ವರ್ಷ ಆದರೂ ಮಳೆಗಾಲದಲ್ಲಿ ಸೆಳೀತದೆ. ದೆವ್ವ ಅಲ್ಲ, ಹುಚ್ಚೂ ಅಲ್ಲ ಅಂತ ಮೊದಲು ಅವನಿಗೆ ಹೇಳು. ಕಾಲು ಹೋಗಿದೆ ಅಂತ ಮಿದುಳಿಗೆ ಯಾರೂ ಸುದ್ದಿ ಮುಟ್ಟಿಸಿರಲ್ಲ, ಅದು ಇನ್ನೂ ಹುಕುಂ ಕಳಿಸ್ತಿರತ್ತೆ, ಉತ್ತರ ಬರಲ್ಲ.

ಕನ್ನಡಿ ಕೆಲಸಕ್ಕೆ ಬಂತು ನನಗೆ. ವಿ.ಎಸ್. ರಾಮಚಂದ್ರನ್ ಅನ್ನೋ ನರವಿಜ್ಞಾನಿ 1990ರ ದಶಕದಲ್ಲಿ ತೋರಿಸಿಕೊಟ್ಟಿದ್ದು. ಮೇಜಿನ ಮೇಲೆ ಕನ್ನಡಿಯನ್ನ ಎದೆಗೆ ಎದುರಾಗಿ ಅಲ್ಲ, ಎರಡು ಕೈ ನಡುವೆ ಗೋಡೆ ಥರ ನಿಲ್ಲಿಸಬೇಕು, ಹೊಳೆಯೋ ಮುಖ ಎಡಗೈ ಕಡೆ. ಮೊಂಡು ಕೈ ಕನ್ನಡಿ ಹಿಂದೆ. ಈಗ ಕನ್ನಡಿಯಲ್ಲಿ ನೋಡಿದರೆ ಬಲಗೈ ಇದ್ದ ಜಾಗದಲ್ಲಿ ಒಂದು ಕೈ ಕಾಣತ್ತೆ. ಎಡಗೈ ಮುಷ್ಟಿ ಮಾಡಿ, ಕನ್ನಡಿ ನೋಡ್ತಾ ನಿಧಾನ ಬಿಚ್ಚಬೇಕು, ಇಲ್ಲದ ಮುಷ್ಟಿಯನ್ನೂ ಜೊತೆಗೇ ಬಿಚ್ತಿದೀನಿ ಅಂದ್ಕೋಬೇಕು. ದಿನಕ್ಕೆ ಹತ್ತು ಹದಿನೈದು ನಿಮಿಷ. ನಾನು ಹೆಂಡತಿಯ ಬೀರು ಕನ್ನಡಿ ಬಿಚ್ಚಿ ಕಾಲಿನ ಮಧ್ಯೆ ಇಟ್ಕೊಂಡಿದ್ದೆ, ಮೂರು ದಿನ ಮಾತು ಬಿಟ್ಟಿದ್ದಳು.

ಫಿಸಿಯೋ ಮೇಡಂ · 9.00

ಕನ್ನಡಿ ಎಲ್ಲರಿಗೂ ಕೆಲಸ ಮಾಡಲ್ಲ, ಕೆಲವರಿಗೆ ಮೊದಮೊದಲು ತಲೆ ಸುತ್ತು, ಅಳು ಬರಬಹುದು. ಮೊದಲ ಸಲ ಯಾರಾದರೂ ತಿಳಿದವರು ಜೊತೆಗಿರಲಿ. ನೋವಿಗೆ ಔಷಧಿಯೂ ಇದೆ. ಲಿಂಗರಾಜಪುರದಲ್ಲಿ ಎಪಿಡಿ ಇದೆ, 1959ರಿಂದ ಅಂಗವಿಕಲರ ಕೆಲಸವೇ ಮಾಡ್ತಿರೋ ಸಂಸ್ಥೆ. ಜೆ.ಪಿ. ನಗರದ ಕಡೆಯವರಾದರೆ ಮೊಬಿಲಿಟಿ ಇಂಡಿಯಾ. ಹೋಗಿ ವಿಚಾರಿಸಿ.

ಪೊರಕೆ ಸಂಘ · 9.20

ಮಂಡ್ಯದ ಅಣ್ಣಾ, ಇನ್ನೊಂದು ಮುಖ್ಯ. ನಿಮ್ಮ ಜೊತೆಗಾರರು ಕಾಯಂ ನೌಕರರಾದರೆ, 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಸೆಕ್ಷನ್ 20ನ್ನ ಯಾರಿಂದಲಾದರೂ ಓದಿಸಿಕೊಳ್ಳಲಿ. ಸೇವೆಯಲ್ಲಿರುವಾಗ ಅಂಗವೈಕಲ್ಯ ಬಂದ ನೌಕರನನ್ನು ಸರ್ಕಾರಿ ಸಂಸ್ಥೆ ಕೆಲಸದಿಂದ ತೆಗೆಯೋ ಹಾಗಿಲ್ಲ, ದರ್ಜೆ ಇಳಿಸೋ ಹಾಗಿಲ್ಲ. ಹಳೇ ಕೆಲಸ ಆಗದಿದ್ದರೆ ಅದೇ ಸಂಬಳದ ಬೇರೆ ಹುದ್ದೆ, ಹುದ್ದೆ ಇಲ್ಲದಿದ್ದರೆ ಹೆಚ್ಚುವರಿ ಹುದ್ದೆ ಹುಟ್ಟಿಸಬೇಕು. ಆಫೀಸಲ್ಲಿ ಕೂರಿಸಿದ್ದು ಅವರು ಮಾಡಿದ ಉಪಕಾರ ಅಲ್ಲ.

ಕಂಬದ ಮೇಲಿಂದ · 9.31

ಇದು ಅವ್ನಿಗೆ ಗೊತ್ತೇ ಇಲ್ಲ ಕಣಣ್ಣ. ದಿನಾ ಸಾಹೇಬ್ರಿಗೆ ಕೈ ಮುಗೀತಾನೆ, ಒಂದೇ ಕೈಲಿ.

ತಂಬಿ ಮಗಳು · 10.10

ಅಪ್ಪ ಇಲ್ಲಿ ಬರೀತಿದ್ದಾರೆ ಅಂತ ಈಗ ಗೊತ್ತಾಯ್ತು 😀 ಅವರು ಹೇಳದ್ದು ಒಂದು ನಾನು ಹೇಳ್ತೀನಿ.

ಚಿಕ್ಕವಳಿದ್ದಾಗ ಭಾನುವಾರ ಲಾಲ್‌ಬಾಗ್‌ಗೆ ಹೋಗ್ತಿದ್ವಿ. ಅಪ್ಪ ಯಾವತ್ತೂ ಹುಲ್ಲಿನ ಮೇಲೆ ಕಾಲಿಡ್ತಿರಲಿಲ್ಲ, ನಮ್ಮನ್ನೂ ಬಿಡ್ತಿರಲಿಲ್ಲ. ‘ಹುಲ್ಲಿನ ಮೇಲೆ ನಡೆಯಬೇಡಿ’ ಅಂತ ಬೋರ್ಡ್ ಇದೆಯಲ್ಲ, ಮಿಲಿಟರಿ ಶಿಸ್ತು ಅಂತ ನಾನು ಶಾಲೆಯಲ್ಲಿ ಹೆಮ್ಮೆಯಿಂದ ಹೇಳ್ಕೊಂಡಿದ್ದೆ. ಬೋರ್ಡ್ ಇಲ್ಲದ ಕಡೆಯೂ ಸಿಮೆಂಟ್ ದಾರಿ ಬಿಟ್ಟು ಇಳೀತಿರಲಿಲ್ಲ. ಕಾಲೇಜಿಗೆ ಬಂದ ಮೇಲೆ ಅಮ್ಮ ಹೇಳಿದರು, ನೆಲ ಕಾಣದ ಕಡೆ ಅವರು ಹೆಜ್ಜೆ ಇಡೋಕೆ ಆಗಲ್ಲ ಅಂತ.

108 ಅಣ್ಣ, ನೀವು ತಟ್ಟೋದು ನಿಮ್ಮ ಹೆಂಡತಿಗೆ ಯಾಕೆ ಅಂತ ಗೊತ್ತಾದರೆ ಒಳ್ಳೇದು. ನಮಗೆ ಮೊದಲೇ ಹೇಳಿದ್ದರೆ ನಾನು ಬೆಂಚಿನ ಮೇಲೆ ಕೂತೇ ಐಸ್‌ಕ್ರೀಂ ತಿಂತಿದ್ದೆ, ರಂಪ ಮಾಡ್ತಿರಲಿಲ್ಲ.

108ರ ಹಿಂದಿನ ಸೀಟು · ಮಂಗಳವಾರ ಬೆಳಿಗ್ಗೆ 6.50

ನಿನ್ನೆ ರಾತ್ರಿ ಹೇಳಿದೆ. ಅವಳು ಏನೂ ಮಾತಾಡಲಿಲ್ಲ. ಬೆಳಿಗ್ಗೆ ಹೊಸ ಗ್ಯಾಸ್ ಸಿಲಿಂಡರ್ ಬಂತು, ನನಗಿಂತ ಮೊದಲು ಅವಳೇ ಹೋಗಿ ತಟ್ಟಿ, ‘ತುಂಬಿದೆ’ ಅಂದಳು.

ಐಸಿಯು ನೈಟ್ ಶಿಫ್ಟ್ · 7.40

ನೈಟ್ ಮುಗೀತು. ನಿನ್ನಿ ರಾತ್ರಿ ವಾರ್ಡಿನಾಗ ಈ ಸಾಕ್ಸ್ ಕಥಿ ಹೇಳಿದೆ. ಈಗ ಒಂದು ಹೊಸಾ ಭಾಷಾ ಶುರು ಆಗೇತಿ ನಮ್ಮಾಗ. ‘ಆರಾಮ ಅದೀಯೇನು’ ಅಂದ್ರ ಎಲ್ಲಾರೂ ‘ಹೂಂ’ ಅಂತಾರ, ಅದಕ್ಕ ಅರ್ಥನ ಇಲ್ಲ. ‘ಎಷ್ಟು ಸಾಕ್ಸ್?’ ಅಂತ ಕೇಳಾಕತ್ತೀವಿ. ಒಂದು ಅಂದ್ರ ನಡೀತೈತಿ. ಎರಡು ಅಂದ್ರ ಭಾರಿ ಪೇಶೆಂಟ್ ಆಕಿಗೆ ಕೊಡಬ್ಯಾಡ್ರಿ. ಮೂರು ಅಂದ್ರ ಹತ್ತು ನಿಮಿಷ ಹೊರಗ ಕಳಸ್ರಿ, ಚಾ ಕುಡಿಸ್ರಿ. ರಾತ್ರಿ ಮೂರು ಗಂಟೇಕ್ಕ ನಮ್ಮ ಇನ್‌ಚಾರ್ಜ್ ಸಿಸ್ಟರ್, ಎಂದೂ ಏನೂ ಹೇಳದಾಕಿ, ‘ನಂದು ಮೂರು’ ಅಂದ್ಲು. ನಾವು ಬೆರಗಾಗಿ ನಿಂತ್ವಿ.

ಜನಾ ಹಾಕೂತನಕ ಇಷ್ಟರೆ ಇರಲಿ.

ಹಲಸೂರಿನ ತಂಬಿ · 8.30

ಬಡ್ಡಿ ಜೊತೆ ಫೋನಲ್ಲಿ ಮಾತಾಡಿದೆ. ಮೊದಲು ಬೈದ. ಆಮೇಲೆ ‘ಮೈಕ್ ಕೊಡಬೇಡ, ಕೂತ್ಕೊಂಡು ಮಾತಾಡ್ತೀನಿ’ ಅಂದ. ಶನಿವಾರ ಬೆಳಗಿನ ಗಾಡಿಗೆ ಬರ್ತಾನೆ.

ಭಾಷಣ ಇಲ್ಲ ಅಂತ ಕರೆಸಿದವರಿಗೆ ಹೇಳಿಬಿಟ್ಟೆ, ಮುಖ ಸಣ್ಣ ಮಾಡಿದರು. ಎರಡು ಷರತ್ತು ಹಾಕಿದ್ದೀನಿ: ನೈಟ್ ಮಾಡಿದವರನ್ನ ಬಲವಂತವಾಗಿ ಕೂರಿಸಬಾರದು, ಬಂದವರಿಗೆ ಆ ಎರಡು ಗಂಟೆ ಡ್ಯೂಟಿ ಅಂತ ಲೆಕ್ಕ ಹಾಕಬೇಕು. ಎರಡನೆಯದಕ್ಕೆ ‘ನೋಡೋಣ’ ಅಂದಿದ್ದಾರೆ. ಸಂಘದವರೇ, ನೀವು ಬಂದು ಪಕ್ಕದಲ್ಲಿ ಕೂತರೆ ‘ನೋಡೋಣ’ ಬೇಗ ನೋಡ್ತಾರೆ. ಹಾಲ್ ಮೊದಲನೇ ಮಹಡಿಯಲ್ಲಿತ್ತು, ಲಿಫ್ಟ್ ಇಲ್ಲ. ಸೈನಿಕರಿಗೆ ಮೆಟ್ಟಿಲು ಲೆಕ್ಕಾನಾ ಅಂದರು. ಲೆಕ್ಕವೇ, ಹದಿನೆಂಟು ಮೆಟ್ಟಿಲು ಅಂದೆ. ಕೆಳಗೆ ಮಾಡಿಸಿದ್ದೀನಿ.

ಕಂಬದ ಮೇಲಿಂದ · 9.15

ಅಣ್ಣ, ಅವ್ನಿಗೆ ಹೇಳ್ದೆ. ಒಳೀಕ್ ಬರಾಕಿಲ್ಲ, ಗೇಟ್ ತಾವ ನಿಂತಿರ್ತೀನಿ ಅಂತವ್ನೆ.

ಹಲಸೂರಿನ ತಂಬಿ · 9.18

ಗೇಟ್ ಹತ್ತಿರ ಒಂದು ಕುರ್ಚಿ ಹಾಕಿಸ್ತೀನಿ. ಕನ್ನಡಿ ನಾನೇ ತರ್ತೀನಿ.